ಚಾರ್ಟು, ಊಟದ ತಟ್ಟೆ, ಲ್ಯಾಬ್ ರಿಪೋರ್ಟು: ಪೋಷಣೆ ಮತ್ತು ಎಲೆಕ್ಟ್ರೊಲೈಟ್ ಶುಶ್ರೂಷೆಯನ್ನು ಒಟ್ಟಿಗೆ ಮಾಡುವುದು ಹೇಗೆ

ವಾರ್ಡಿನಲ್ಲಿ ಅತಿ ಹೆಚ್ಚು ತಪ್ಪು ತುಂಬಿಕೊಂಡಿರುವ ಕಾಗದ ಇಂಟೇಕ್-ಔಟ್‌ಪುಟ್ ಚಾರ್ಟ್, ಅಂದರೆ ರೋಗಿಯ ಒಳಹೋದ, ಹೊರಬಂದ ದ್ರವದ ಲೆಕ್ಕ. ಡ್ರಿಪ್ ಬಾಟಲಿ ಮುಗಿದದ್ದು ಅದರಲ್ಲಿ ಇರುತ್ತದೆ, ಮೂತ್ರದ ಚೀಲ ಖಾಲಿ ಮಾಡಿದ್ದೂ ಇರುತ್ತದೆ. ಆ್ಯಂಟಿಬಯಾಟಿಕ್ ಕರಗಿಸಿದ ಸಲೈನ್, ಮಾತ್ರೆ ನುಂಗಲು ಕುಡಿದ ನೀರು, ಟ್ಯೂಬ್ ತೊಳೆಯಲು ಬಿಟ್ಟ ನೀರು, ಒದ್ದೆಯಾದ ಡೈಪರ್ ಮಾತ್ರ ಇರುವುದಿಲ್ಲ. ಇತ್ತ ಲ್ಯಾಬಿನಿಂದ ಸೋಡಿಯಂ 149 ಎಂದು, ಸಹಜಕ್ಕಿಂತ ಹೆಚ್ಚಾಗಿ ಬರುತ್ತದೆ, ಅತ್ತ ಚಾರ್ಟಿನಲ್ಲಿ ಎಲ್ಲವೂ ಸರಿಯಾಗಿದೆ. ಪೋಷಣೆ ಒಂದು ಕೆಲಸ, ಎಲೆಕ್ಟ್ರೊಲೈಟ್ (ರಕ್ತದ ಸೋಡಿಯಂ, ಪೊಟ್ಯಾಸಿಯಂನಂಥ ಲವಣಗಳು) ಇನ್ನೊಂದು ಕೆಲಸ ಎಂದು ಬೇರೆಬೇರೆಯಾಗಿ ನೋಡಿದಾಗ ಹೀಗಾಗುತ್ತದೆ. ರೋಗಿ ತಿಂದದ್ದು, ಕುಡಿದದ್ದು, ಹೊರಹಾಕಿದ್ದು ಮತ್ತು ರಕ್ತದ ಅಂಕಿಗಳನ್ನು ಒಂದೇ ಲೆಕ್ಕವಾಗಿ ಓದುವುದು ಹೇಗೆ ಎನ್ನುವುದೇ ಈ ಬರಹದ ವಿಷಯ. ಇಲ್ಲಿನ ಅಂಕಿಗಳೆಲ್ಲ ವಯಸ್ಕರಿಗೆ ಸಂಬಂಧಿಸಿದವು. ಮಕ್ಕಳ ವಿಷಯ ಬಂದಲ್ಲಿ ಹಾಗೆಂದು ಹೇಳಿದೆ. ಔಷಧದ ಪ್ರಮಾಣಕ್ಕೆ ವೈದ್ಯರ ಆದೇಶ ಮತ್ತು ನಿಮ್ಮ ಆಸ್ಪತ್ರೆಯ ನಿಯಮವೇ ಅಂತಿಮ.

ಮೊದಲು ತೂಕ

ಒಂದು ಲೀಟರ್ ನೀರು ಒಂದು ಕಿಲೋ ತೂಗುತ್ತದೆ. ಒಂದೇ ದಿನದಲ್ಲಿ ಒಂದು ಕಿಲೋ ಏರಿದ ಅಥವಾ ಇಳಿದ ತೂಕ ಕೊಬ್ಬೂ ಅಲ್ಲ, ಮಾಂಸವೂ ಅಲ್ಲ, ನೀರು. ಅದಕ್ಕೇ ದ್ರವ ಸಮತೋಲನ ತಿಳಿಯಲು ಚಾರ್ಟಿಗಿಂತ ತಕ್ಕಡಿಯನ್ನೇ ಹೆಚ್ಚು ನಂಬಬಹುದು. ಷರತ್ತು ಒಂದೇ: ಪ್ರತಿದಿನ ಅದೇ ಸಮಯ, ಅದೇ ತಕ್ಕಡಿ, ಅಷ್ಟೇ ಬಟ್ಟೆ. ಬೆಳಿಗ್ಗೆ ಮೂತ್ರ ವಿಸರ್ಜನೆಯಾದ ಮೇಲೆ, ತಿಂಡಿಗೆ ಮೊದಲು ತೂಗಿ. ಹಾಸಿಗೆಯ ತಕ್ಕಡಿಯಾದರೆ ದಿಂಬು, ಹೆಚ್ಚುವರಿ ಹೊದಿಕೆ ತೆಗೆಯಿರಿ. ಮೂತ್ರದ ಚೀಲ, ಡ್ರೇನ್ ಬಾಟಲಿ ಖಾಲಿ ಮಾಡಿ. ನಿನ್ನೆ ಎರಡು ಹೊದಿಕೆ, ಇವತ್ತು ಒಂದು ಎಂದಾದರೆ ಆ ಅಂಕಿಗೆ ಬೆಲೆಯಿಲ್ಲ.

ಒಂದು ಲೆಕ್ಕ ನೋಡಿ. ಚಾರ್ಟಿನ ಪ್ರಕಾರ 24 ಗಂಟೆಯಲ್ಲಿ 300 ಮಿ.ಲೀ. ಹೆಚ್ಚುವರಿ ಒಳಹೋಗಿದೆ. ಉಸಿರು ಮತ್ತು ಚರ್ಮದ ಮೂಲಕ ಕಣ್ಣಿಗೆ ಕಾಣದೆ ಹೋಗುವ ನೀರು ದಿನಕ್ಕೆ ಸುಮಾರು 500ರಿಂದ 800 ಮಿ.ಲೀ. ಇರುವುದರಿಂದ ತೂಕ 300–400 ಗ್ರಾಂ ಇಳಿದಿರಬೇಕಿತ್ತು. ಬದಲಿಗೆ 500 ಗ್ರಾಂ ಏರಿದೆ. ಅಂದರೆ ಸುಮಾರು 900 ಮಿ.ಲೀ. ಎಲ್ಲೋ ಲೆಕ್ಕ ತಪ್ಪಿದೆ. ಔಷಧ ಚಾರ್ಟ್ ತೆರೆದರೆ ಸಿಗುತ್ತದೆ: ಆ್ಯಂಟಿಬಯಾಟಿಕ್ 100 ಮಿ.ಲೀ.ನಂತೆ ನಾಲ್ಕು ಸಲ, ಪ್ಯಾರಾಸಿಟಮಾಲ್ ಇನ್ಫ್ಯೂಷನ್ 100 ಮಿ.ಲೀ.ನಂತೆ ಮೂರು ಸಲ, ಟ್ಯೂಬಿನಲ್ಲಿ ಔಷಧ ಕೊಡುವಾಗ ಹಿಂದೆ-ಮುಂದೆ ಬಿಟ್ಟ ನೀರು 60 ಮಿ.ಲೀ.ನಂತೆ ನಾಲ್ಕು ಸಲ. ಒಟ್ಟು 940. ಹೃದಯ ಅಥವಾ ಕಿಡ್ನಿ ದುರ್ಬಲವಾಗಿರುವ ರೋಗಿಗೆ ಇಷ್ಟು ನೀರು ಉಸಿರಾಟದ ತೊಂದರೆ ತರಲು ಸಾಕು.

ಚಾರ್ಟನ್ನು ಸರಿಪಡಿಸುವ ಉಪಾಯಗಳು ಸಣ್ಣವು. ಆ ವಾರ್ಡಿನ ಲೋಟ, ಬಟ್ಟಲುಗಳ ಅಳತೆಯನ್ನು ಒಮ್ಮೆ ಅಳೆದು ಗೋಡೆಗೆ ಅಂಟಿಸಿ. ಐಸ್ ಚೂರು ಕೊಟ್ಟರೆ ಅದರ ಅರ್ಧ ಪ್ರಮಾಣವನ್ನು ನೀರೆಂದು ಬರೆಯಿರಿ. ಒದ್ದೆ ಪ್ಯಾಡನ್ನು ತೂಗಿ, ಒಣ ಪ್ಯಾಡಿನ ತೂಕ ಕಳೆದರೆ ಉಳಿದ ಪ್ರತಿ ಗ್ರಾಂ ಒಂದು ಮಿ.ಲೀ. ವಾಂತಿ, ಡ್ರೇನ್, ಸ್ಟೋಮಾ ಚೀಲ, ನೀರಿನಂಥ ಭೇದಿ ಎಲ್ಲವನ್ನೂ ಅಳೆದೇ ಬರೆಯಬೇಕು. "ಮೂತ್ರ ಹೋಯಿತು" ಎಂದು ಟಿಕ್ ಹಾಕಿದರೆ ಏನೂ ತಿಳಿಯುವುದಿಲ್ಲ. ವಯಸ್ಕರಲ್ಲಿ ಗಂಟೆಗೆ ಪ್ರತಿ ಕಿಲೋ ತೂಕಕ್ಕೆ 0.5 ಮಿ.ಲೀ.ಗಿಂತ ಕಡಿಮೆ ಮೂತ್ರ ಬಂದರೆ ತಿಳಿಸಿ. 60 ಕಿಲೋ ರೋಗಿಗೆ ಅದು ಗಂಟೆಗೆ 30 ಮಿ.ಲೀ. ಹಾಗೆ ಕಂಡಾಗ ಮೊದಲು ಕ್ಯಾತಿಟರ್ ಮಡಚಿದೆಯೇ, ಕಟ್ಟಿಕೊಂಡಿದೆಯೇ, ಚೀಲ ಮೂತ್ರಕೋಶಕ್ಕಿಂತ ಕೆಳಗಿದೆಯೇ ನೋಡಿ.

ದಾಖಲಾದ ಮೊದಲ ದಿನ

ಪೋಷಣೆಯ ತಪಾಸಣೆ 24 ಗಂಟೆಯೊಳಗೆ ಮುಗಿಯಬೇಕು. ಹೆಚ್ಚು ಬಳಕೆಯಲ್ಲಿರುವ ‘ಮಸ್ಟ್’ ಅಂಕ ಪದ್ಧತಿ ಮೂರೇ ಪ್ರಶ್ನೆ ಕೇಳುತ್ತದೆ. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಸೂಚ್ಯಂಕ) 20ಕ್ಕಿಂತ ಹೆಚ್ಚಿದ್ದರೆ 0, 18.5ರಿಂದ 20 ಇದ್ದರೆ 1, ಅದಕ್ಕಿಂತ ಕಡಿಮೆಯಾದರೆ 2. ಕಳೆದ ಮೂರರಿಂದ ಆರು ತಿಂಗಳಲ್ಲಿ ತಾನಾಗಿ ಇಳಿದ ತೂಕ ಶೇ. 5ರೊಳಗಿದ್ದರೆ 0, 5ರಿಂದ 10 ಇದ್ದರೆ 1, ಹತ್ತಕ್ಕಿಂತ ಹೆಚ್ಚಾದರೆ 2. ತೀವ್ರ ಕಾಯಿಲೆಯಿಂದಾಗಿ ಐದು ದಿನಕ್ಕಿಂತ ಹೆಚ್ಚು ಊಟವಿಲ್ಲ ಅಥವಾ ಇರಲಾರದು ಎಂದಾದರೆ ಇನ್ನೂ 2. ಒಟ್ಟು 2 ಅಥವಾ ಹೆಚ್ಚಾದರೆ ಡಯಟಿಷಿಯನ್‌ಗೆ ತಿಳಿಸಿ. ನಿಲ್ಲಿಸಿ ತೂಗಲಾಗದ ರೋಗಿಯಾದರೆ ಎಡತೋಳಿನ ನಡುಭಾಗದ ಸುತ್ತಳತೆ ತೆಗೆಯಿರಿ, 23.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಬಿಎಂಐ 20ಕ್ಕಿಂತ ಕೆಳಗಿರುವ ಸಾಧ್ಯತೆ ಹೆಚ್ಚು.

ಇಲ್ಲಿ ಎರಡು ಕಡೆ ಮೋಸ ಹೋಗಬಹುದು. ಕಾಲು ಊದಿದ, ಹೊಟ್ಟೆಯಲ್ಲಿ ನೀರು ತುಂಬಿದ ರೋಗಿಯ ತೂಕ ಚೆನ್ನಾಗಿಯೇ ಕಾಣುತ್ತದೆ. ಕಣತಲೆ ಕುಳಿಬಿದ್ದಿದೆಯೇ, ಕತ್ತಿನ ಕೆಳಗಿನ ಮೂಳೆ ಎದ್ದಿದೆಯೇ ಎಂದು ಕಣ್ಣಿಟ್ಟು ನೋಡಿದರೆ ನಿಜ ತಿಳಿಯುತ್ತದೆ. ಎರಡನೆಯದು ರಕ್ತದಲ್ಲಿರುವ ಆಲ್ಬುಮಿನ್ ಎಂಬ ಪ್ರೋಟೀನ್. ಅದು ಕಡಿಮೆ ಬಂದ ಕೂಡಲೇ "ಅಪೌಷ್ಟಿಕತೆ" ಎಂದು ಬರೆಯುವ ರೂಢಿ ಇನ್ನೂ ಹೋಗಿಲ್ಲ. ಸೋಂಕು, ಉರಿಯೂತ, ಲಿವರ್ ಕಾಯಿಲೆ ಯಾವುದರಲ್ಲೂ ಅದು ಇಳಿಯುತ್ತದೆ. ತಿಂಗಳುಗಟ್ಟಲೆ ಸರಿಯಾಗಿ ಉಣ್ಣದವರಲ್ಲಿ ಸಹಜವಾಗಿಯೂ ಇರಬಹುದು.

ಸಾಮಾನ್ಯ ಅಂದಾಜು ಹೀಗೆ: ದಿನಕ್ಕೆ ಕಿಲೋ ತೂಕಕ್ಕೆ 25–30 ಕ್ಯಾಲೊರಿ, ತೀವ್ರ ಕಾಯಿಲೆಯಲ್ಲಿ 1.2ರಿಂದ 1.5 ಗ್ರಾಂ ಪ್ರೋಟೀನ್, 30 ಮಿ.ಲೀ. ಆಸುಪಾಸು ನೀರು. ಜ್ವರದಲ್ಲಿ ನೀರು ಹೆಚ್ಚು ಬೇಕು. ಹೃದಯ, ಕಿಡ್ನಿ ಕಾಯಿಲೆಯಲ್ಲಿ ವೈದ್ಯರು ಹೇಳಿದಷ್ಟೇ.

ಬಾಯಿಯಿಂದ ಉಣ್ಣುವವರ ತಟ್ಟೆಯನ್ನು ವಾಪಸ್ ಒಯ್ಯುವ ಮೊದಲು ನೀವೇ ನೋಡಿ, ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಎಂದು ಬರೆಯಿರಿ. "ಊಟ ಆಯ್ತಾ?" ಎಂದರೆ ಎಲ್ಲರೂ ಆಯ್ತು ಎನ್ನುತ್ತಾರೆ. ಬಾಯಿ ಹುಣ್ಣು, ಸಡಿಲವಾದ ಹಲ್ಲಿನ ಸೆಟ್, ಓಕರಿಕೆ, ಮಲಬದ್ಧತೆ, ನೋವು, ಕೈಗೆಟುಕದ ತಟ್ಟೆ ಇವುಗಳಲ್ಲಿ ಒಂದನ್ನು ಸರಿಪಡಿಸಿದರೆ ಹಸಿವಿನ ಔಷಧಕ್ಕಿಂತ ಹೆಚ್ಚು ಕೆಲಸವಾಗುತ್ತದೆ. ಊಟದ ಹೊತ್ತಿಗೆ ಡ್ರೆಸಿಂಗ್, ರಕ್ತ ತೆಗೆಯುವುದು ಇಟ್ಟುಕೊಳ್ಳಬೇಡಿ.

ಪಾರ್ಶ್ವವಾಯು ಆದವರಿಗೆ, ಅರೆಎಚ್ಚರದಲ್ಲಿರುವವರಿಗೆ ನುಂಗುವ ಪರೀಕ್ಷೆಯಾಗುವ ತನಕ ಬಾಯಿಗೆ ಏನೂ ಬೇಡ, ಮಾತ್ರೆಯೂ ಬೇಡ. ಅನುಮತಿ ಸಿಕ್ಕ ಮೇಲೆ ನೇರವಾಗಿ ಕೂರಿಸಿ, ಟೀ ಚಮಚದಷ್ಟೇ ಕೊಡಿ, ಗಂಟಲು ಮೇಲೆದ್ದು ಇಳಿದದ್ದನ್ನು ನೋಡಿ ಮುಂದಿನ ಚಮಚ ಕೊಡಿ. ದುರ್ಬಲವಾದ ಬದಿಯ ಕೆನ್ನೆಯೊಳಗೆ ತುತ್ತು ಉಳಿದಿರುತ್ತದೆ, ಬೆರಳಿಗೆ ಗ್ಲೌಸ್ ಹಾಕಿ ತೆಗೆಯಿರಿ. ಕೆಮ್ಮಿದರೆ ಮಾತ್ರ ಶ್ವಾಸನಾಳಕ್ಕೆ ಹೋಗಿದೆ ಎಂದುಕೊಳ್ಳಬೇಡಿ. ಧ್ವನಿ ಗೊರಗೊರ ಎನ್ನುವುದು, ಊಟದ ಮಧ್ಯೆ ಉಸಿರಿನ ವೇಗ ಹೆಚ್ಚುವುದು, ಆಮ್ಲಜನಕದ ಮಟ್ಟ ಇಳಿಯುವುದು ಕೂಡ ಅದೇ ಸೂಚನೆ. ಕೆಮ್ಮೇ ಬಾರದೆ ಒಳಹೋಗುವುದೂ ಉಂಟು.

ಟ್ಯೂಬ್ ಫೀಡ್

ಮೂಗಿನ ತುದಿಯಿಂದ ಕಿವಿಯ ಹಾಲೆ, ಅಲ್ಲಿಂದ ಎದೆಮೂಳೆಯ ಕೆಳತುದಿ ಎಂದು ಅಳೆದು ಟ್ಯೂಬಿಗೆ ಗುರುತು ಹಾಕುವುದು ಎಲ್ಲರಿಗೂ ಗೊತ್ತು. ಅದು ಹೊಟ್ಟೆಯಲ್ಲೇ ಇದೆ ಎಂದು ಖಾತ್ರಿ ಮಾಡಿಕೊಳ್ಳುವಲ್ಲಿ ಜನ ಎಡವುತ್ತಾರೆ. ಗಾಳಿ ಊದಿ ಸ್ಟೆತಸ್ಕೋಪಿನಲ್ಲಿ ‘ಗುಳುಗುಳು’ ಕೇಳುವ ಪದ್ಧತಿಯನ್ನು ನಂಬಬೇಡಿ; ಟ್ಯೂಬ್ ಶ್ವಾಸಕೋಶದಲ್ಲಿದ್ದರೂ ಆ ಸದ್ದು ಹೊಟ್ಟೆಯ ಮೇಲೆ ಕೇಳಿಸುತ್ತದೆ. ಹೀರಿ ತೆಗೆದ ದ್ರವದ ಪಿಎಚ್ 5.5 ಅಥವಾ ಅದಕ್ಕಿಂತ ಕಡಿಮೆ ಇರಬೇಕು. ದ್ರವ ಬಾರದಿದ್ದರೆ, ಆ್ಯಸಿಡ್ ತಗ್ಗಿಸುವ ಔಷಧದಿಂದ ಪಿಎಚ್ ಏರಿದ್ದರೆ, ಸಂಶಯವಿದ್ದರೆ ಎಕ್ಸ್-ರೇ. ಖಾತ್ರಿಯಾಗುವ ತನಕ ಟ್ಯೂಬಿನೊಳಗೆ ನೀರನ್ನೂ ಬಿಡಬಾರದು.

ಪ್ರತಿ ಫೀಡಿಗೆ ಮೊದಲು ಮಾಡಬೇಕಾದದ್ದು:

1. ಮೂಗಿನ ಬಳಿಯ ಸೆಂ.ಮೀ. ಗುರುತು ನಿನ್ನೆಯಷ್ಟೇ ಇದೆಯೇ ನೋಡಿ. ಜೋರಾಗಿ ಕೆಮ್ಮಿದ, ವಾಂತಿಯಾದ, ಗಂಟಲಿನ ಸಕ್ಷನ್ ಮಾಡಿದ ನಂತರವೂ ನೋಡಿ. ಬಾಯಿ ತೆರೆಸಿ, ಗುರುತು ಸರಿಯಿದ್ದೂ ಟ್ಯೂಬ್ ಬಾಯಲ್ಲಿ ಸುರುಳಿ ಸುತ್ತಿರಬಹುದು.
2. ತಲೆಯ ಭಾಗವನ್ನು 30–45 ಡಿಗ್ರಿ ಏರಿಸಿ. ಫೀಡ್ ಮುಗಿದ ಮೇಲೂ ಕನಿಷ್ಠ ಅರ್ಧ ಗಂಟೆ ಹಾಗೇ ಇರಲಿ. ಮಗ್ಗುಲು ಬದಲಿಸುವುದು, ಎದೆಯ ಫಿಸಿಯೋಥೆರಪಿ ಎಲ್ಲ ಫೀಡಿಗೆ ಮೊದಲೇ ಮುಗಿಸಿ.
3. 30 ಮಿ.ಲೀ. ನೀರು ಬಿಡಿ, ಫೀಡ್ ಕೊಡಿ, ಮತ್ತೆ 30 ಮಿ.ಲೀ. ಬಿಡಿ. ಸಿರಿಂಜಿನಿಂದ ಒತ್ತಿ ತಳ್ಳಬೇಡಿ. ತನ್ನ ಭಾರಕ್ಕೆ ತಾನೇ ಇಳಿಯಲಿ. ನಿರಂತರ ಫೀಡ್ ಆದರೆ ನಾಲ್ಕು ಗಂಟೆಗೊಮ್ಮೆ ತೊಳೆಯಿರಿ.
4. ಅಡುಗೆಮನೆಯಲ್ಲಿ ತಯಾರಿಸಿದ ಅಥವಾ ಪುಡಿ ಕಲಸಿದ ಫೀಡನ್ನು ನಾಲ್ಕು ಗಂಟೆಗಿಂತ ಹೆಚ್ಚು ನೇತುಹಾಕಬೇಡಿ. ಉಳಿದದ್ದಕ್ಕೆ ಹೊಸದನ್ನು ಸುರಿಯಬೇಡಿ.

ಔಷಧಗಳನ್ನು ಫೀಡಿಗೆ ಬೆರೆಸಬಾರದು, ಒಂದಕ್ಕೊಂದೂ ಬೆರೆಸಬಾರದು. ಒಂದೊಂದನ್ನೇ ಕರಗಿಸಿ ಕೊಟ್ಟು ನಡುವೆ ಸ್ವಲ್ಪ ನೀರು ಬಿಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ, ಕರುಳಿನಲ್ಲಿ ಕರಗಬೇಕಾದ ಲೇಪನದ ಮಾತ್ರೆಗಳನ್ನು ಪುಡಿ ಮಾಡುವಂತಿಲ್ಲ. ದಿನವಿಡೀ ಕೆಲಸ ಮಾಡಬೇಕಾದ ಡೋಸ್ ಒಮ್ಮೆಲೇ ರಕ್ತ ಸೇರುತ್ತದೆ, ಇಲ್ಲವೇ ಲೇಪನದ ಚೂರು ಟ್ಯೂಬನ್ನು ಕಟ್ಟಿಹಾಕುತ್ತದೆ. ಫಿಟ್ಸ್ ತಡೆಯುವ ಫಿನಿಟಾಯಿನ್ ಕೊಡುವುದಾದರೆ ಫೀಡನ್ನು ಒಂದೆರಡು ಗಂಟೆ ಮೊದಲು ನಿಲ್ಲಿಸಿ ಅಷ್ಟೇ ಹೊತ್ತು ಬಿಟ್ಟು ಶುರುಮಾಡುವ ಪದ್ಧತಿಯಿದೆ, ಇಲ್ಲವಾದರೆ ಔಷಧ ಸರಿಯಾಗಿ ಹೀರಿಕೊಳ್ಳುವುದಿಲ್ಲ. ಟ್ಯೂಬ್ ಕಟ್ಟಿಕೊಂಡರೆ 50 ಮಿ.ಲೀ. ಸಿರಿಂಜಿನಲ್ಲಿ ಉಗುರುಬೆಚ್ಚಗಿನ ನೀರು ತೆಗೆದುಕೊಂಡು ಮೆಲ್ಲಗೆ ಒತ್ತಿ, ಹಿಂದಕ್ಕೆಳೆದು ನೋಡಿ. ಸಣ್ಣ ಸಿರಿಂಜಿನ ಒತ್ತಡಕ್ಕೆ ಟ್ಯೂಬ್ ಸೀಳಬಹುದು. ತಂಪು ಪಾನೀಯ ಬಿಟ್ಟರೆ ಫೀಡಿನ ಪ್ರೋಟೀನ್ ಹೆಪ್ಪುಗಟ್ಟಿ ಇನ್ನಷ್ಟು ಬಿಗಿಯುತ್ತದೆ.

ಭೇದಿ ಶುರುವಾದರೆ ಕೂಡಲೇ ಫೀಡ್ ನಿಲ್ಲಿಸುವುದು ಸುಲಭ, ಆದರೆ ಹೆಚ್ಚಿನ ಸಲ ತಪ್ಪು ಫೀಡಿನದ್ದಲ್ಲ. ಸಿರಪ್‌ಗಳಲ್ಲಿರುವ ಸಾರ್ಬಿಟಾಲ್, ಆ್ಯಂಟಿಬಯಾಟಿಕ್, ಮೆಗ್ನೀಸಿಯಂ ಇರುವ ಆ್ಯಂಟಾಸಿಡ್, ಮಲಬದ್ಧತೆಗೆಂದು ಶುರುಮಾಡಿ ಯಾರೂ ನಿಲ್ಲಿಸದೇ ಉಳಿದ ಔಷಧ ಇವನ್ನು ಮೊದಲು ಹುಡುಕಿ. ಹೊಟ್ಟೆಯಲ್ಲಿ ಉಳಿದ ಫೀಡನ್ನು ಪ್ರತಿ ಸಲ ಹೀರಿ ಅಳೆಯುವುದೂ ಎಲ್ಲರಿಗೂ ಅಗತ್ಯವಿಲ್ಲ ಎಂಬ ಅಭಿಪ್ರಾಯ ಈಗ ಬಲವಾಗಿದೆ. ನಿಮ್ಮಲ್ಲಿ ಅಳೆಯುವ ನಿಯಮವಿದ್ದರೆ, 500 ಮಿ.ಲೀ.ಗಿಂತ ಕಡಿಮೆಯಿದ್ದು ಹೊಟ್ಟೆ ಉಬ್ಬರ, ವಾಂತಿ ಯಾವುದೂ ಇಲ್ಲದಿದ್ದಾಗ ಅದೊಂದೇ ಕಾರಣಕ್ಕೆ ಫೀಡ್ ನಿಲ್ಲಿಸಿ ರೋಗಿಯನ್ನು ಉಪವಾಸ ಕೆಡವಬೇಡಿ.

ಇನ್ನು ನೀರಿನ ಲೆಕ್ಕ. ಶುರುವಿನಲ್ಲಿ ಹೇಳಿದ ಸೋಡಿಯಂ 149 ಬರುವುದು ಇಲ್ಲಿಂದಲೇ. 60 ಕಿಲೋ ರೋಗಿಗೆ ಮಿ.ಲೀ.ಗೆ ಒಂದು ಕ್ಯಾಲೊರಿಯ ಫೀಡ್ ದಿನಕ್ಕೆ 1500 ಮಿ.ಲೀ. ಹೋಗುತ್ತಿದೆ. ಕ್ಯಾಲೊರಿ ಸರಿ. ಆದರೆ ಅಂಥ ಫೀಡಿನಲ್ಲಿ ನೀರು ಸುಮಾರು ಶೇ. 85 ಮಾತ್ರ, ಅಂದರೆ 1275 ಮಿ.ಲೀ. ಬೇಕಾದದ್ದು 1800. ಉಳಿದ 525 ಮಿ.ಲೀ. ಸಾದಾ ನೀರಾಗಿ ಟ್ಯೂಬಿನಲ್ಲೇ ಹೋಗಬೇಕು: ನಾಲ್ಕು ಗಂಟೆಗೊಮ್ಮೆ ಸುಮಾರು 90 ಮಿ.ಲೀ. ಡ್ರಿಪ್ ಇದ್ದಷ್ಟು ದಿನ ಈ ಕೊರತೆ ಗೊತ್ತಾಗುವುದಿಲ್ಲ. ಡ್ರಿಪ್ ತೆಗೆದ ಮೂರ್ನಾಲ್ಕು ದಿನಕ್ಕೆ ನಾಲಿಗೆ ಒಣಗಿ, ಮೂತ್ರ ಗಾಢವಾಗಿ, ರೋಗಿ ಮಂಕಾಗುತ್ತಾರೆ. ಬಾಯಾರಿಕೆ ಹೇಳಿಕೊಳ್ಳಲಾಗದವರಲ್ಲಿ ಈ ಲೆಕ್ಕ ನಿಮ್ಮ ಕೈಯಲ್ಲೇ ಇದೆ. ಹೆಚ್ಚು ಸಾಂದ್ರವಾದ ಫೀಡಿನಲ್ಲಿ ನೀರು ಇನ್ನೂ ಕಡಿಮೆ.

ಹಸಿದ ದೇಹಕ್ಕೆ ಮತ್ತೆ ಅನ್ನ: ರಿಫೀಡಿಂಗ್ ಸಿಂಡ್ರೋಮ್

ಎರಡನೇ ಮಹಾಯುದ್ಧದ ಕೊನೆಗೆ ಬಿಡುಗಡೆಯಾದ, ದೀರ್ಘಕಾಲ ಹಸಿದಿದ್ದ ಕೈದಿಗಳಲ್ಲಿ ಕೆಲವರು ಊಟ ಸಿಕ್ಕ ಮೇಲೆ ಸತ್ತರು. ಕಾರಣ ಈಗ ಸ್ಪಷ್ಟ. ಹಸಿದ ದೇಹ ಕೊಬ್ಬನ್ನು ಉರಿಸಿ ಬದುಕುತ್ತಿರುತ್ತದೆ. ಪಿಷ್ಟ, ಸಕ್ಕರೆ ಬಂದ ಕೂಡಲೇ ಇನ್ಸುಲಿನ್ ಏರಿ ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂಗಳನ್ನು ರಕ್ತದಿಂದ ಜೀವಕೋಶದೊಳಕ್ಕೆ ತಳ್ಳುತ್ತದೆ. ದಾಸ್ತಾನು ಮೊದಲೇ ಬರಿದಾಗಿರುವುದರಿಂದ ರಕ್ತದ ಮಟ್ಟ ಕುಸಿಯುತ್ತದೆ. ಫಾಸ್ಫೇಟ್ ಇಲ್ಲದೆ ಉಸಿರಾಟದ ಸ್ನಾಯು ಸೋಲುತ್ತದೆ, ಪೊಟ್ಯಾಸಿಯಂ-ಮೆಗ್ನೀಸಿಯಂ ಇಳಿದು ಹೃದಯದ ಲಯ ತಪ್ಪುತ್ತದೆ, ದೇಹ ಉಪ್ಪು-ನೀರು ಹಿಡಿದಿಟ್ಟುಕೊಂಡು ಕಾಲು ಊದುತ್ತದೆ. ಥಯಾಮಿನ್ (ವಿಟಮಿನ್ ಬಿ1) ಕೂಡ ಇದೇ ಹೊತ್ತಿಗೆ ತೀರುತ್ತದೆ.

ಕಪಟ ಏನೆಂದರೆ, ಫೀಡ್ ಶುರುವಾಗುವ ಮೊದಲು ರಿಪೋರ್ಟ್ ಪೂರ್ತಿ ಸಹಜವಾಗಿರಬಹುದು. ಆದ್ದರಿಂದ ರಿಪೋರ್ಟಿಗೆ ಕಾಯದೆ ಇತಿಹಾಸ ಕೇಳಿ. ಬಿಎಂಐ 16ಕ್ಕಿಂತ ಕಡಿಮೆ, ಮೂರರಿಂದ ಆರು ತಿಂಗಳಲ್ಲಿ ಶೇ. 15ಕ್ಕಿಂತ ಹೆಚ್ಚು ತೂಕ ಇಳಿಕೆ, ಹತ್ತು ದಿನಕ್ಕಿಂತ ಹೆಚ್ಚು ಊಟವೇ ಇಲ್ಲ ಎಂಬಂಥ ಸ್ಥಿತಿ, ಫೀಡಿಗೆ ಮೊದಲೇ ಪೊಟ್ಯಾಸಿಯಂ, ಫಾಸ್ಫೇಟ್ ಅಥವಾ ಮೆಗ್ನೀಸಿಯಂ ಕಡಿಮೆ: ಇವುಗಳಲ್ಲಿ ಒಂದಿದ್ದರೂ ಅಪಾಯ ಹೆಚ್ಚು. ಬಿಎಂಐ 18.5ರ ಕೆಳಗೆ, ಶೇ. 10ಕ್ಕಿಂತ ಹೆಚ್ಚು ಇಳಿಕೆ, ಐದು ದಿನಕ್ಕಿಂತ ಹೆಚ್ಚು ಉಪವಾಸ, ಮದ್ಯವ್ಯಸನ ಅಥವಾ ಇನ್ಸುಲಿನ್, ಕೀಮೋಥೆರಪಿ, ಆ್ಯಂಟಾಸಿಡ್, ಮೂತ್ರವರ್ಧಕಗಳ ಬಳಕೆ ಇವುಗಳಲ್ಲಿ ಎರಡಿದ್ದರೂ ಹಾಗೆಯೇ.

ಇಂಥವರಿಗೆ ದಿನಕ್ಕೆ ಕಿಲೋಗೆ 10 ಕ್ಯಾಲೊರಿಯಿಂದ, ಅತಿ ಕೃಶರಾದವರಿಗೆ 5ರಿಂದ ಶುರುಮಾಡಿ ನಾಲ್ಕರಿಂದ ಏಳು ದಿನದಲ್ಲಿ ಪೂರ್ತಿಗೆ ಏರಿಸುವುದು ಸಾಂಪ್ರದಾಯಿಕ ಕ್ರಮ. ಥಯಾಮಿನ್ ಮೊದಲ ತುತ್ತಿಗಿಂತ ಮೊದಲೇ ಹೋಗಿರಬೇಕು; ಡೆಕ್ಸ್‌ಟ್ರೋಸ್ ಡ್ರಿಪ್ಪಿಗೂ ಈ ಮಾತು ಅನ್ವಯಿಸುತ್ತದೆ. ಡ್ರಿಪ್ಪಿನ ಸಕ್ಕರೆಯನ್ನು ಯಾರೂ ಊಟವೆಂದು ಎಣಿಸುವುದಿಲ್ಲ. ಶೇ. 5ರ ಡೆಕ್ಸ್‌ಟ್ರೋಸ್ ಒಂದು ಲೀಟರಿನಲ್ಲಿ 50 ಗ್ರಾಂ, ಅಂದರೆ 170 ಕ್ಯಾಲೊರಿ. 40 ಕಿಲೋ ರೋಗಿಗೆ ಮೊದಲ ದಿನದ ಮಿತಿ 400 ಇರುವಾಗ ಎರಡು ಲೀಟರ್ ಡ್ರಿಪ್ಪಿನಲ್ಲೇ 340 ಹೋಗಿರುತ್ತದೆ. ಅದರ ಮೇಲೆ ಟ್ಯೂಬ್ ಫೀಡ್ ಶುರುವಾದರೆ ಮಿತಿ ಮೀರಿತು.

ಮೊದಲ 72 ಗಂಟೆ ಬಿಗಿಯಾಗಿ, ಐದು ದಿನದ ತನಕ ಬಿಡದೆ ಗಮನಿಸಿ: ಫಾಸ್ಫೇಟ್, ಪೊಟ್ಯಾಸಿಯಂ, ಮೆಗ್ನೀಸಿಯಂ ದಿನಕ್ಕೊಮ್ಮೆಯಾದರೂ, ಜೊತೆಗೆ ಸಕ್ಕರೆ, ತೂಕ, ನಾಡಿ, ಉಸಿರಿನ ವೇಗ. ಹೊಸದಾಗಿ ಕಾಣಿಸಿದ ಕಾಲೂತ, ಮಲಗಿದ್ದಾಗಲೂ ವೇಗವಾದ ನಾಡಿ, ಕೈ ಜೋಮು, ಗೊಂದಲ ಕಂಡರೆ "ಊಟ ಹಿಡಿಸಿಲ್ಲ" ಎಂದು ಬಿಡದೆ ಕೂಡಲೇ ವೈದ್ಯರಿಗೆ ತಿಳಿಸಿ.

ರಕ್ತ ತೆಗೆದ ಬಗೆಯೇ ರಿಪೋರ್ಟು

ಪೊಟ್ಯಾಸಿಯಂ 6.4 ಬಂದಿದೆ, ರೋಗಿ ಆರಾಮಾಗಿ ಕೂತಿದ್ದಾರೆ. ರಕ್ತ ಹೇಗೆ ತೆಗೆದರು ಎಂದು ಕೇಳಿ. ಟೂರ್ನಿಕೆಟ್ ಬಿಗಿದು ಬಹಳ ಹೊತ್ತಾದರೆ, ಮುಷ್ಟಿ ಮತ್ತೆಮತ್ತೆ ಹಿಸುಕಿಸಿದರೆ, ಸಣ್ಣ ಸೂಜಿಯಲ್ಲಿ ಜೋರಾಗಿ ಎಳೆದರೆ, ಟ್ಯೂಬ್ ಕುಲುಕಿದರೆ ಕೆಂಪುಕಣ ಒಡೆದು ಅಥವಾ ಸ್ನಾಯುವಿನಿಂದ ಸೋರಿ ಪೊಟ್ಯಾಸಿಯಂ ಸುಳ್ಳಾಗಿ ಏರುತ್ತದೆ. ನೇರಳೆ ಮುಚ್ಚಳದ ಟ್ಯೂಬಿನ ಇಡಿಟಿಎ (ರಕ್ತ ಹೆಪ್ಪುಗಟ್ಟದಂತೆ ಹಾಕಿರುವ ರಾಸಾಯನಿಕ) ತಗುಲಿದ್ದರೆ ಪೊಟ್ಯಾಸಿಯಂ ಏರಿ ಕ್ಯಾಲ್ಸಿಯಂ ಪಾತಾಳಕ್ಕೆ ಇಳಿದಿರುತ್ತದೆ. ಈ ಜೋಡಿ ಕಂಡರೆ ಕಲಬೆರಕೆ ಎಂದೇ ಶಂಕಿಸಿ. ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೆದರೆ ನೀವು ಅಳೆಯುತ್ತಿರುವುದು ರೋಗಿಯನ್ನಲ್ಲ, ಬಾಟಲಿಯನ್ನು. ಮರುಪರೀಕ್ಷೆಗೆ ಕಳಿಸಿ, ಆದರೆ ಅದು ಬರುವ ತನಕ ಸುಮ್ಮನಿರದೆ ಇಸಿಜಿ ತೆಗೆಯಿರಿ.

ಪೊಟ್ಯಾಸಿಯಂ

ಸಹಜ ಮಟ್ಟ ಲೀಟರಿಗೆ 3.5ರಿಂದ 5.0 ಮಿಲಿಮೋಲ್. ರಿಪೋರ್ಟಿನಲ್ಲಿ ಮಿಲಿಈಕ್ವಿವೆಲೆಂಟ್ ಎಂದಿದ್ದರೂ ಸೋಡಿಯಂ, ಪೊಟ್ಯಾಸಿಯಂಗೆ ಅಂಕಿ ಅದೇ.

ಕಡಿಮೆಯಾಗುವುದು ವಾಂತಿ, ಭೇದಿ, ರೈಲ್ಸ್ ಟ್ಯೂಬಿನ (ಮೂಗಿನಿಂದ ಹೊಟ್ಟೆಗೆ ಹಾಕಿದ ಟ್ಯೂಬ್) ಸಕ್ಷನ್, ಮೂತ್ರವರ್ಧಕವಾದ ಫ್ಯೂರೊಸೆಮೈಡ್, ಇನ್ಸುಲಿನ್, ಸಾಲ್ಬುಟಮಾಲ್ ನೆಬ್ಯುಲೈಸೇಶನ್‌ಗಳಿಂದ. ಕಾಲು ಸೋಲು, ಹೊಟ್ಟೆ ಉಬ್ಬಿ ಕರುಳಿನ ಸದ್ದು ನಿಲ್ಲುವುದು, ಇಸಿಜಿಯಲ್ಲಿ ಟಿ ಅಲೆ ಚಪ್ಪಟೆಯಾಗಿ ಯು ಅಲೆ ಕಾಣುವುದು ಅದರ ಲಕ್ಷಣ. ಹೃದಯದ ಔಷಧ ಡಿಗಾಕ್ಸಿನ್ ತೆಗೆದುಕೊಳ್ಳುವವರಲ್ಲಿ ಸ್ವಲ್ಪ ಇಳಿದರೂ ಡಿಗಾಕ್ಸಿನ್ ನಂಜೇರುತ್ತದೆ. ಎಷ್ಟು ಕೊಟ್ಟರೂ ಪೊಟ್ಯಾಸಿಯಂ ಏರದಿದ್ದರೆ ಮೆಗ್ನೀಸಿಯಂ ನೋಡಿದ್ದಾರೆಯೇ ಎಂದು ಕೇಳಿ. ಅದು ಕಡಿಮೆಯಿರುವ ತನಕ ಕಿಡ್ನಿ ಪೊಟ್ಯಾಸಿಯಂ ಅನ್ನು ಹೊರಹಾಕುತ್ತಲೇ ಇರುತ್ತದೆ.

ಬಾಯಿಯಿಂದ ಕೊಡಲಾದರೆ ಅದೇ ಸುರಕ್ಷಿತ. ಶೇ. 10ರ ಸಿರಪ್ 15 ಮಿ.ಲೀ.ನಲ್ಲಿ 20 ಮಿಲಿಮೋಲ್ ಇರುತ್ತದೆ. ಅರ್ಧ ಲೋಟ ನೀರಿಗೆ ಬೆರೆಸಿ ಊಟದ ನಂತರ ಕೊಡಿ, ಹಾಗೆಯೇ ಕುಡಿಸಿದರೆ ಹೊಟ್ಟೆ ಉರಿದು ವಾಂತಿಯಾಗಿ ಕೊಟ್ಟದ್ದೂ ಹೋಗುತ್ತದೆ.

ಇಂಜೆಕ್ಷನ್ ವಿಷಯದಲ್ಲಿ ರಿಯಾಯಿತಿ ಇಲ್ಲ. ಪೊಟ್ಯಾಸಿಯಂ ಕ್ಲೋರೈಡನ್ನು ಸಿರಿಂಜಿನಿಂದ ನೇರವಾಗಿ ರಕ್ತನಾಳಕ್ಕೆ ಎಂದಿಗೂ ಕೊಡಬಾರದು, ಹೃದಯ ನಿಲ್ಲುತ್ತದೆ. ಶೇ. 15ರ 10 ಮಿ.ಲೀ. ಆಂಪ್ಯೂಲಿನಲ್ಲಿ 20 ಮಿಲಿಮೋಲ್ ಇರುತ್ತದೆ. ಕೈಯ ಸಣ್ಣ ರಕ್ತನಾಳದಲ್ಲಿ ಲೀಟರಿಗೆ 40 ಮಿಲಿಮೋಲ್‌ಗಿಂತ ಸಾಂದ್ರ ಬೇಡ, ಗಂಟೆಗೆ 10 ಮಿಲಿಮೋಲ್ ಮೀರುವುದು ಬೇಡ. ಅದಕ್ಕಿಂತ ವೇಗವೆಂದರೆ ಸೆಂಟ್ರಲ್ ಲೈನ್ (ಹೃದಯದ ಬಳಿಯ ದೊಡ್ಡ ರಕ್ತನಾಳಕ್ಕೆ ಹಾಕಿದ ನಳಿಕೆ), ಹೃದಯದ ಮಾನಿಟರ್ ಎರಡೂ ಇರಲೇಬೇಕು. ಒಂದು ಆಂಪ್ಯೂಲನ್ನು 500 ಮಿ.ಲೀ.ಗೆ ಹಾಕಿ ನಾಲ್ಕು ಗಂಟೆಯಲ್ಲಿ ಬಿಟ್ಟರೆ ಗಂಟೆಗೆ 5 ಮಿಲಿಮೋಲ್ ಹೋಗುತ್ತದೆ. ಮಿ.ಲೀ.ಗೆ 20 ಹನಿಯ ಸೆಟ್ ಆದರೆ 500×20÷240, ನಿಮಿಷಕ್ಕೆ ಸುಮಾರು 42 ಹನಿ. ಇನ್ಫ್ಯೂಷನ್ ಪಂಪ್ ಇದ್ದರೆ ಅದನ್ನೇ ಬಳಸಿ. ಹನಿಯ ವೇಗ ರೋಗಿ ಕೈ ಮಡಚಿದರೂ ಬದಲಾಗುತ್ತದೆ.

ಬೆರೆಸುವ ಕ್ರಮವೂ ಮುಖ್ಯ. ಈ ದ್ರಾವಣ ಸಲೈನಿಗಿಂತ ಭಾರ. ನೇತುಹಾಕಿದ ಬಾಟಲಿಗೆ ಕೆಳಗಿನಿಂದ ಹಾಕಿದರೆ ತಳದಲ್ಲೇ ಕೂತು, ಮೊದಲ ಕೆಲವು ನಿಮಿಷದಲ್ಲೇ ಅಷ್ಟೂ ಒಳಹೋಗುತ್ತದೆ. ಬಾಟಲಿ ಇಳಿಸಿ, ಔಷಧ ಹಾಕಿ, ಹಲವು ಸಲ ತಲೆಕೆಳಗು ಮಾಡಿ ಬೆರೆಸಿ, ಲೇಬಲ್ ಅಂಟಿಸಿ, ಆಮೇಲೆ ಏರಿಸಿ. ಅದಕ್ಕೂ ಮೊದಲು ಮೂತ್ರ ಸರಿಯಾಗಿ ಬರುತ್ತಿದೆಯೇ ನೋಡಿ. ಇನ್ನೊಬ್ಬ ನರ್ಸ್ ಡೋಸ್ ಪರಿಶೀಲಿಸಿ ಸಹಿ ಹಾಕಲಿ. ಕೈ ಉರಿಯುತ್ತದೆ ಎಂದು ರೋಗಿ ಹೇಳಿದರೆ ವೇಗ ಇಳಿಸಿ, ಸೂಜಿಯ ಜಾಗ ನೋಡಿ.

ಹೆಚ್ಚಾದಾಗ ಮೊನಚಾದ ಎತ್ತರದ ಟಿ ಅಲೆ, ನಂತರ ಪಿ ಅಲೆ ಮಾಯ, ಕ್ಯೂಆರ್‌ಎಸ್ ಅಗಲ, ಕೊನೆಗೆ ಹೃದಯಸ್ತಂಭನ. ಯಾವಾಗಲೂ ಇದೇ ಕ್ರಮದಲ್ಲಿ ಬರುತ್ತದೆ ಎಂದು ನಂಬಬೇಡಿ. ಆದೇಶದ ಮೇರೆಗೆ ಶೇ. 10ರ ಕ್ಯಾಲ್ಸಿಯಂ ಗ್ಲುಕೊನೇಟ್ 10 ಮಿ.ಲೀ. ಮಾನಿಟರ್ ನೋಡುತ್ತಾ ನಿಧಾನವಾಗಿ ಹೋಗುತ್ತದೆ. ಇದು ಹೃದಯವನ್ನು ಅರ್ಧದಿಂದ ಒಂದು ಗಂಟೆ ಕಾಯುತ್ತದೆ, ಪೊಟ್ಯಾಸಿಯಂ ಇಳಿಸುವುದಿಲ್ಲ. ಇಳಿಸುವುದಕ್ಕೆ ರೆಗ್ಯುಲರ್ ಇನ್ಸುಲಿನ್ 10 ಯೂನಿಟ್ ಜೊತೆ 25 ಗ್ರಾಂ ಗ್ಲೂಕೋಸ್. ಆ ಗ್ಲೂಕೋಸ್ ಬೇಗ ತೀರುತ್ತದೆ, ಇನ್ಸುಲಿನ್ ಉಳಿಯುತ್ತದೆ, ಕಿಡ್ನಿ ರೋಗಿಯಲ್ಲಿ ಇನ್ನೂ ಹೆಚ್ಚು ಹೊತ್ತು. ಆದ್ದರಿಂದ ಆರು ಗಂಟೆಯವರೆಗೆ ಗಂಟೆಗೊಮ್ಮೆ ಸಕ್ಕರೆ ನೋಡಿ. ಎರಡನೇ ಗಂಟೆಗೆ ಸರಿ ಇದೆ ಎಂದು ಬಿಟ್ಟು ಹೋದಾಗಲೇ ಸಕ್ಕರೆ ಕುಸಿಯುತ್ತದೆ.

ಸೋಡಿಯಂ, ಕ್ಯಾಲ್ಸಿಯಂ, ಮೆಗ್ನೀಸಿಯಂ

ಸೋಡಿಯಂ ಸಹಜ ಮಟ್ಟ 135–145. ಇದು ಹೆಚ್ಚಿನ ಸಲ ಉಪ್ಪಿನ ಕಥೆಯಲ್ಲ, ನೀರಿನ ಕಥೆ. ಕಡಿಮೆಯಾದಾಗ ಓಕರಿಕೆ, ತಲೆನೋವು, ತಡವರಿಕೆ, ಆಮೇಲೆ ಫಿಟ್ಸ್. ಫಿಟ್ಸ್ ಬಂದಾಗ ಶೇ. 3ರ ಸಲೈನ್ 100–150 ಮಿ.ಲೀ. ಬೇಗನೆ ಕೊಡುತ್ತಾರೆ. ಆಮೇಲಿನ ಅಪಾಯ ಅತಿವೇಗದ ಏರಿಕೆ: ಮೊದಲ 24 ಗಂಟೆಯಲ್ಲಿ 10 ಮಿಲಿಮೋಲ್ ಮೀರಬಾರದು. ಅಪೌಷ್ಟಿಕತೆ, ಮದ್ಯವ್ಯಸನ, ಕಡಿಮೆ ಪೊಟ್ಯಾಸಿಯಂ ಇದ್ದವರಲ್ಲಿ 8. ಮೀರಿದರೆ ಮಿದುಳಿನ ನರಗಳ ಹೊದಿಕೆ ಕಳಚಿ, ಕೆಲವು ದಿನಗಳ ನಂತರ ಮಾತು-ನುಂಗುವಿಕೆ ನಿಲ್ಲಬಹುದು. ಇಲ್ಲಿ ನರ್ಸ್ ಕಣ್ಣಿಗೆ ಮೊದಲು ಬೀಳುವ ಸೂಚನೆ ಮೂತ್ರದ ಚೀಲ: ಗಂಟೆಗೆ 40 ಬರುತ್ತಿದ್ದ ಮೂತ್ರ ಹಠಾತ್ತಾಗಿ ತಿಳಿಯಾಗಿ 100 ಮಿ.ಲೀ. ದಾಟಿದರೆ ದೇಹ ನೀರು ಬಿಟ್ಟುಕೊಡುತ್ತಿದೆ, ಸೋಡಿಯಂ ಜಿಗಿಯಲಿದೆ. ಮುಂದಿನ ರಕ್ತ ಪರೀಕ್ಷೆಯ ಹೊತ್ತಿಗೆ ಕಾಯದೆ ತಿಳಿಸಿ. ಕೊಟ್ಟ ಪೊಟ್ಯಾಸಿಯಂ ಕೂಡ ಸೋಡಿಯಂ ಅನ್ನು ಏರಿಸುತ್ತದೆ ಎಂಬುದು ಮರೆತುಹೋಗುವ ಇನ್ನೊಂದು ಸಂಗತಿ.

ಬಾಟಲಿಗಳ ಒಳಗೇನಿದೆ ಎಂದು ಗೊತ್ತಿರಲಿ. ಶೇ. 0.9ರ ಸಲೈನಿನಲ್ಲಿ ಸೋಡಿಯಂ 154. ರಿಂಗರ್ ಲ್ಯಾಕ್ಟೇಟಿನಲ್ಲಿ ಸುಮಾರು 130, ಪೊಟ್ಯಾಸಿಯಂ 4, ಜೊತೆಗೆ ಕ್ಯಾಲ್ಸಿಯಂ. ಆ ಕ್ಯಾಲ್ಸಿಯಂ ರಕ್ತವನ್ನು ಹೆಪ್ಪುಗಟ್ಟಿಸಬಹುದು, ಆದ್ದರಿಂದಲೇ ರಕ್ತ ಕೊಡುವ ಲೈನಿನಲ್ಲಿ ರಿಂಗರ್ ಲ್ಯಾಕ್ಟೇಟ್ ಬೇಡ. ಶೇ. 5ರ ಡೆಕ್ಸ್‌ಟ್ರೋಸ್‌ನ ಸಕ್ಕರೆ ಉರಿದ ಮೇಲೆ ಉಳಿಯುವುದು ಬರೀ ನೀರು. ಸೋಡಿಯಂ ಕಡಿಮೆಯಿರುವವರಿಗೆ ಅದು ಹೋಗುತ್ತಿದ್ದರೆ ಪ್ರಶ್ನಿಸಿ.

ಒಟ್ಟು ಕ್ಯಾಲ್ಸಿಯಂ ಸಹಜ ಮಟ್ಟ ಡೆಸಿಲೀಟರಿಗೆ (100 ಮಿ.ಲೀ.) 8.5–10.5 ಮಿ.ಗ್ರಾಂ. ಆಲ್ಬುಮಿನ್ 4ಕ್ಕಿಂತ ಪ್ರತಿ ಒಂದು ಗ್ರಾಂ ಕಡಿಮೆಯಾದಾಗ 0.8 ಕೂಡಿಸಿ ಓದಿ. ಥೈರಾಯ್ಡ್ ಶಸ್ತ್ರಚಿಕಿತ್ಸೆಯಾದವರು ತುಟಿಯ ಸುತ್ತ ಜೋಮು, ಬೆರಳು ಚುಚ್ಚಿದಂತೆ ಎಂದರೆ ಕ್ಯಾಲ್ಸಿಯಂ ಇಳಿಯುತ್ತಿರುವುದಕ್ಕೆ ಅದೇ ಮೊದಲ ಎಚ್ಚರಿಕೆ. ಬಿಪಿ ಪಟ್ಟಿಯನ್ನು ಮೇಲಿನ ರಕ್ತದೊತ್ತಡಕ್ಕಿಂತ 20 ಹೆಚ್ಚಿಗೆ ಏರಿಸಿ ಮೂರು ನಿಮಿಷ ಹಿಡಿದಾಗ ಕೈ ಸೆಟೆದು ಬಾಗಿದರೆ ಅದು ಕಡಿಮೆ ಕ್ಯಾಲ್ಸಿಯಂ ತೋರಿಸುವ ಟ್ರೂಸೊ ಚಿಹ್ನೆ. ಕ್ಯಾಲ್ಸಿಯಂ ಇಂಜೆಕ್ಷನ್ ಚರ್ಮದಡಿ ಸೋರಿದರೆ ಮಾಂಸ ಕೊಳೆಯುತ್ತದೆ. ಬೈಕಾರ್ಬೊನೇಟ್, ಫಾಸ್ಫೇಟ್ ಜೊತೆ ಸೇರಿದರೆ ಗಟ್ಟಿಯಾಗುತ್ತದೆ.

ಮೆಗ್ನೀಸಿಯಂ ಸಲ್ಫೇಟ್ ಹೋಗುತ್ತಿರುವವರಲ್ಲಿ ಮಂಡಿಯ ರಿಫ್ಲೆಕ್ಸ್ ಇದೆಯೇ, ಉಸಿರು ನಿಮಿಷಕ್ಕೆ 12ಕ್ಕಿಂತ ಇಳಿದಿಲ್ಲವೇ, ಮೂತ್ರ ಗಂಟೆಗೆ 30 ಮಿ.ಲೀ. ಇದೆಯೇ ಎಂದು ಗಂಟೆಗೊಮ್ಮೆ ನೋಡಿ. ಮೊದಲು ಹೋಗುವುದು ರಿಫ್ಲೆಕ್ಸ್. ಅದು ಹೋಯಿತೆಂದರೆ ಡ್ರಿಪ್ ನಿಲ್ಲಿಸಿ ಕರೆಯಿರಿ. ಪ್ರತಿವಿಷವಾದ ಕ್ಯಾಲ್ಸಿಯಂ ಗ್ಲುಕೊನೇಟ್ ಹಾಸಿಗೆಯ ಪಕ್ಕದಲ್ಲೇ ಇರಲಿ.

ರಕ್ತನಾಳದ ಪೋಷಣೆ, ಓಆರ್‌ಎಸ್, ಮನೆಗೆ ಹೋಗುವಾಗ

ಟಿಪಿಎನ್ (ರಕ್ತನಾಳದ ಮೂಲಕವೇ ಕೊಡುವ ಪೂರ್ತಿ ಪೋಷಣೆ) ಲೈನಿನಲ್ಲಿ ಬೇರೇನೂ ಹೋಗಬಾರದು, ರಕ್ತವನ್ನೂ ತೆಗೆಯಬಾರದು. ಚೀಲದಲ್ಲಿ ಎಣ್ಣೆ ಬೇರ್ಪಟ್ಟು ಹಳದಿ ಪದರ ಕಂಡರೆ ಏರಿಸಬೇಡಿ. 24 ಗಂಟೆಗೆ ಸೆಟ್ ಬದಲಿಸಿ. ತಡವಾದರೆ ವೇಗ ಹೆಚ್ಚಿಸಿ ಸರಿದೂಗಿಸಬೇಡಿ. ಚೀಲ ಮುಗಿದು ಮುಂದಿನದು ಬಾರದಿದ್ದರೆ ಸಕ್ಕರೆ ಕುಸಿಯದಂತೆ ಶೇ. 10ರ ಡೆಕ್ಸ್‌ಟ್ರೋಸ್ ಹಾಕಲು ಆದೇಶ ಕೇಳಿ.

ಭೇದಿಯಲ್ಲಿ ಕುಡಿಯಬಲ್ಲವರಿಗೆ ಡ್ರಿಪ್ಪಿಗಿಂತ ಓಆರ್‌ಎಸ್ ಲೇಸು. ಈಗಿನ ಕಡಿಮೆ ಸಾಂದ್ರತೆಯ ಮಿಶ್ರಣದಲ್ಲಿ ಸೋಡಿಯಂ 75, ಗ್ಲೂಕೋಸ್ 75, ಪೊಟ್ಯಾಸಿಯಂ 20 ಮಿಲಿಮೋಲ್. ಒಂದು ಲೀಟರ್ ಪ್ಯಾಕೆಟ್ಟನ್ನು ಒಂದು ಲೀಟರಿಗೇ ಕಲಸಬೇಕು. ಅರ್ಧ ಪ್ಯಾಕೆಟ್ ಕಣ್ಣಂದಾಜಿನಲ್ಲಿ ಕಲಸಿದರೆ ಸೋಡಿಯಂ ಏರುಪೇರಾಗುತ್ತದೆ. 24 ಗಂಟೆಯ ನಂತರ ಚೆಲ್ಲಿ. ನಿರ್ಜಲೀಕರಣ ಸ್ವಲ್ಪ ಮಟ್ಟಿಗೆ ಇರುವ ಮಕ್ಕಳಿಗೆ ನಾಲ್ಕು ಗಂಟೆಯಲ್ಲಿ ಕಿಲೋಗೆ 75 ಮಿ.ಲೀ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ನಿಧಾನವಾಗಿ ಮುಂದುವರಿಸಿ.

ಶಿಫ್ಟ್ ಬದಲಾಗುವಾಗ "ಎಲ್ಲ ಸರಿ ಇದೆ" ಎನ್ನುವ ಬದಲು ಇವತ್ತಿನ ಮತ್ತು ನಿನ್ನೆಯ ತೂಕ, ಗುರಿಯಿಟ್ಟ ಫೀಡಿನಲ್ಲಿ ಎಷ್ಟು ಹೋಯಿತು, ಹೋಗದಿದ್ದರೆ ಏಕೆ, ಕೊನೆಯ ಎಲೆಕ್ಟ್ರೊಲೈಟ್ ಮತ್ತು ಮುಂದಿನದು ಎಷ್ಟು ಗಂಟೆಗೆ, ಬಾಟಲಿಯಲ್ಲಿ ಬೆರೆಸಿರುವುದು ಏನು ಎಂದು ಹೇಳಿ. ಸ್ಕ್ಯಾನಿಗಾಗಿ, ಮಾತ್ರೆಗಾಗಿ ಎಂದು ನಿಂತುಹೋದ ಫೀಡ್ ಆಮೇಲೆ ಶುರುವಾಗದೇ ಉಳಿಯುವುದು ಈ ಹೊತ್ತಿನಲ್ಲೇ.

ಮನೆಗೆ ಕಳಿಸುವಾಗ, ಕಿಡ್ನಿ ಕಾಯಿಲೆಯವರಿಗೆ ಮತ್ತು ಸ್ಪೈರೊನೊಲ್ಯಾಕ್ಟೋನ್, ರಾಮಿಪ್ರಿಲ್‌ನಂಥ ಔಷಧ ತೆಗೆದುಕೊಳ್ಳುವವರಿಗೆ ‘ಕಡಿಮೆ ಸೋಡಿಯಂ ಉಪ್ಪು’ ಬೇಡವೆಂದು ಸ್ಪಷ್ಟವಾಗಿ ಹೇಳಿ. ಅದರಲ್ಲಿ ಸೋಡಿಯಂ ಬದಲು ಇರುವುದು ಪೊಟ್ಯಾಸಿಯಂ ಕ್ಲೋರೈಡ್. ಹೃದಯ ವೈಫಲ್ಯದ ರೋಗಿ ಬೆಳಿಗ್ಗೆ ತೂಗಿ ಬರೆದಿಡಲಿ; ಮೂರು ದಿನದಲ್ಲಿ ಎರಡು ಕಿಲೋಗಿಂತ ಹೆಚ್ಚು ಏರಿದರೆ, ಉಸಿರು ಕಟ್ಟುವ ತನಕ ಕಾಯದೆ ಫೋನ್ ಮಾಡಬೇಕು.